ಆಧುನಿಕ ಚೀನೀ ಕಿರುಕವಿತೆ: ಯಾವ ತರಗತಿಗೆ ಯಾವುದು?

ಶಾಲೆಯಲ್ಲಿ ಒಂದೇ ಒಂದು ಪೀರಿಯಡ್ ಸಿಕ್ಕಿದೆ. ನಲವತ್ತು ನಿಮಿಷ. ಹೊಸ ಕಾಲದ ಚೀನೀ ಕವಿತೆ ಒಂದನ್ನು ಮಕ್ಕಳಿಗೆ ಓದಿಸಬೇಕು ಅಂತ ನಿಮಗೆ ಆಸೆ. ಹುಡುಕಲು ಕೂತರೆ ಅದೇ ಏಳೆಂಟು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ: ಬಿಂಗ್ ಶಿನ್, ಬಿಯಾನ್ ಜಿಲಿನ್, ಗು ಚೆಂಗ್, ಯು ಗುವಾಂಗ್‌ಜೊಂಗ್, ಐ ಚಿಂಗ್, ಹಾಯ್ ಜಿ, ಬೇಯ್ ದಾವ್. ಎಲ್ಲರದ್ದೂ ಒಳ್ಳೆಯ ಕವಿತೆಗಳೇ. ಆದರೆ ಎಲ್ಲವೂ ಎಲ್ಲ ವಯಸ್ಸಿಗೂ ಒಗ್ಗುವುದಿಲ್ಲ. ಸಾಲು ಕಡಿಮೆ ಇದೆ ಅಂದ ಮಾತ್ರಕ್ಕೆ ಕವಿತೆ ಸುಲಭವೂ ಆಗುವುದಿಲ್ಲ.

ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಟೀಚರ್ ಚೀನಾದ ಬಗ್ಗೆ ಒಂದು ಮಾತೂ ಆಡುವ ಮೊದಲೇ ಈ ಕವಿತೆ ಮಕ್ಕಳಿಗೆ ಏನಾದರೂ ಕೆಲಸ ಕೊಡುತ್ತದೆಯೇ? ಕೊಟ್ಟರೆ ಅದು ಮೊದಲ ದಿನದ ಕವಿತೆ. ಇಪ್ಪತ್ತು ನಿಮಿಷ ಇತಿಹಾಸ ಹೇಳಿ, ಆಮೇಲೆ ಎರಡು ಸಾಲು ಓದಿಸಬೇಕಾದರೆ, ಅದು ಎಷ್ಟೇ ಹೆಸರಾದ ಕವಿತೆಯಾಗಿದ್ದರೂ ಮೊದಲ ದಿನಕ್ಕೆ ಬೇಡ. ಮಕ್ಕಳು ಜಾಣರು. ಇತಿಹಾಸ ಮೊದಲು ಹೇಳಿಬಿಟ್ಟರೆ ಕವಿತೆಯಲ್ಲೂ ಅದನ್ನೇ ಹುಡುಕಿ, ಸಿಕ್ಕಿತು ಅಂತ ಪುಸ್ತಕ ಮುಚ್ಚಿಬಿಡುತ್ತಾರೆ.

ಚೀನಾದ ಶಾಲೆಯಲ್ಲಿ ಇವಕ್ಕೆ ಎಷ್ಟು ಜಾಗ?

ಚೀನಾದ ಮಕ್ಕಳು ಬಾಯಿಪಾಠ ಮಾಡುವ ಕವಿತೆಗಳಲ್ಲಿ ಹೆಚ್ಚಿನವು ಹಳೆಯವು, ಅದರಲ್ಲೂ ಸಾವಿರ ವರ್ಷಕ್ಕೂ ಹಿಂದಿನ ತಾಂಗ್ ರಾಜರ ಕಾಲದವು. ಆಡುಮಾತಿಗೆ ಹತ್ತಿರವಾದ ಹೊಸ ಕವಿತೆ ಶುರುವಾಗಿ ನೂರು ವರ್ಷ ದಾಟಿದೆ ಅಷ್ಟೇ. ಅಮೆರಿಕದಲ್ಲಿ ಓದುತ್ತಿದ್ದ ಹು ಶಿ 1916ರಲ್ಲಿ ಎರಡು ಹಳದಿ ಚಿಟ್ಟೆಗಳ ಮೇಲೆ ಎಂಟು ಸಾಲು ಬರೆದರು. ಒಂದು ಚಿಟ್ಟೆ ಇದ್ದಕ್ಕಿದ್ದಂತೆ ಕೆಳಗೆ ಹಾರಿ ಬರುತ್ತದೆ. ಇನ್ನೊಂದಕ್ಕೆ ಒಂಟಿಯಾಗಿ ಆಕಾಶ ಏರಲು ಮನಸ್ಸಿಲ್ಲ, ಅಲ್ಲಿ ತುಂಬ ಒಂಟಿತನ. ಇಷ್ಟೇ ಕವಿತೆ. ಅವರ 1920ರ ಸಂಕಲನವನ್ನು ಹೊಸ ಚೀನೀ ಕವಿತೆಯ ಮೊದಲ ಪುಸ್ತಕ ಅಂತ ಹೇಳುತ್ತಾರೆ. ಇತಿಹಾಸದ ದೃಷ್ಟಿಯಿಂದ ಮುಖ್ಯ, ನಿಜ. ಆದರೆ ಚಿಟ್ಟೆಗಳು ಮಕ್ಕಳಲ್ಲಿ ಹೆಚ್ಚು ಪ್ರಶ್ನೆ ಎಬ್ಬಿಸುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಚಿತ್ರ ಬಿಡಿಸಲು ಚೆನ್ನಾಗಿದೆ.

ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಗಾವ್‌ಕಾವ್‌ನ ಪ್ರಬಂಧದ ಪ್ರಶ್ನೆಯಲ್ಲಿ 'ಯಾವ ಪ್ರಕಾರದಲ್ಲಾದರೂ ಬರೆಯಿರಿ, ಕವಿತೆ ಬಿಟ್ಟು' ಎಂಬ ಸೂಚನೆ ಹಲವು ವರ್ಷ ಇರುತ್ತಿತ್ತು. ಅಂಕ ಕೊಡುವುದು ಕಷ್ಟ, ಅಲ್ವಾ? ಆದರೂ ಪಠ್ಯಪುಸ್ತಕಗಳು ಹೊಸ ಕವಿತೆಗೆ ಒಳ್ಳೆಯ ಜಾಗ ಕೊಟ್ಟಿವೆ. ನಾಲ್ಕನೇ ತರಗತಿಯಲ್ಲಿ ಕವಿತೆಗೇ ಒಂದು ಘಟಕ ಇದೆ. ಮಕ್ಕಳು ತಮಗೆ ಇಷ್ಟವಾದ ಕವಿತೆಗಳನ್ನು ಸೇರಿಸಿ ಪುಟ್ಟ ಸಂಕಲನ ಮಾಡುತ್ತಾರೆ, ಕೊನೆಗೆ ತರಗತಿಯಲ್ಲೇ ಕವಿತೆ ಓದುವ ಸಭೆ ನಡೆಸುತ್ತಾರೆ. ನೀವು ಕವಿತೆ ಯಾವುದನ್ನೇ ಆರಿಸಿ, ಈ ಕ್ರಮವನ್ನು ಮಾತ್ರ ತಪ್ಪದೆ ಅನುಸರಿಸಿ ಅನ್ನುತ್ತೇನೆ.

ನಾಲ್ಕರಿಂದ ಆರನೇ ತರಗತಿ: ಬಿಂಗ್ ಶಿನ್

ಆ ಘಟಕದಲ್ಲೇ ಬಿಂಗ್ ಶಿನ್ ಅವರ ಮೂರು ಪುಟ್ಟ ಕವಿತೆಗಳಿವೆ. ಮೂರೂ 1923ರಲ್ಲಿ ಬಂದ 'ತುಂಬು ತಾರೆಗಳು' ಎಂಬ ಅರ್ಥದ ಸಂಕಲನದವು. ಈ ಕವಿತೆಗಳ ಹಿಂದೆ ನಮ್ಮ ದೇಶದ ನಂಟೂ ಇದೆ. ರವೀಂದ್ರನಾಥ ಠಾಗೋರರ ಬಿಡಿಬಿಡಿ ಕಿರುಕವಿತೆಗಳನ್ನು ಓದಿದ ಮೇಲೆ ತನ್ನ ಚೂರುಪಾರು ಯೋಚನೆಗಳನ್ನೂ ಬರೆದಿಡಬೇಕು ಅನ್ನಿಸಿತು ಅಂತ ಬಿಂಗ್ ಶಿನ್ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಮುಂದೆ ಗೀತಾಂಜಲಿಯನ್ನು ಚೀನೀ ಭಾಷೆಗೆ ತಂದವರೂ ಇವರೇ.

ಮೂರರಲ್ಲಿ ಒಂದು ನೆನಪಿನದು: ಬೆಳದಿಂಗಳ ತೋಟ, ಬಳ್ಳಿಯ ಎಲೆಗಳ ನೆರಳು, ಅಮ್ಮನ ಮಡಿಲು. ಇನ್ನೊಂದು ಸಮುದ್ರದ ಜೊತೆಗಿನ ಮಾತು: ಬೆಳಕಿಲ್ಲದ ನಕ್ಷತ್ರ ಯಾವುದಿದೆ, ಪರಿಮಳ ಇಲ್ಲದ ಹೂ ಯಾವುದಿದೆ ಅಂತ ಕೇಳುತ್ತ, ತನ್ನ ಯೋಚನೆಗಳಲ್ಲೆಲ್ಲ ಅಲೆಯ ಸದ್ದಿದೆ ಅನ್ನುತ್ತದೆ. ಮೂರನೆಯದು ಬಹಳ ಪ್ರಸಿದ್ಧ. ಆಕಾಶದಲ್ಲಿ ಗಾಳಿಮಳೆ ಬಂದರೆ ಹಕ್ಕಿ ಗೂಡು ಸೇರುತ್ತದೆ, ಮನಸ್ಸಿನಲ್ಲಿ ಗಾಳಿಮಳೆ ಬಂದರೆ ನಾನು ಅಮ್ಮನ ಎದೆ ಸೇರುತ್ತೇನೆ ಎಂಬ ಮಾತು.

ಎಲ್ಲರೂ ಆರಿಸುವುದು ಈ ಮೂರನೆಯದನ್ನೇ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ, ಎರಡು ಮಳೆಗಳನ್ನು ಪಕ್ಕಪಕ್ಕ ಇಟ್ಟ ರೀತಿ ಸ್ಪಷ್ಟವಾಗಿದೆ. ಆದರೆ ತರಗತಿಯಲ್ಲಿ ಅಮ್ಮ ಇಲ್ಲದ ಮಗು ಇರಬಹುದು, ಅಜ್ಜಿಯ ಹತ್ತಿರ ಬೆಳೆಯುವ ಮಗು ಇರಬಹುದು. 'ನಿಮ್ಮ ಅಮ್ಮನ ಬಗ್ಗೆ ಬರೆಯಿರಿ' ಅನ್ನುವ ಮನೆಗೆಲಸ ಆ ಮಗುವನ್ನು ಒಂಟಿ ಮಾಡುತ್ತದೆ. ಅಂಥ ತರಗತಿಯಲ್ಲಿ ನಾನು ಸಮುದ್ರದ ಕವಿತೆಯನ್ನೇ ಆರಿಸುತ್ತೇನೆ. ಬಿಂಗ್ ಶಿನ್ ಅವರ ತಂದೆ ನೌಕಾಪಡೆಯ ಅಧಿಕಾರಿ, ಅವರು ಬೆಳೆದದ್ದು ಯಾನ್‌ತಾಯ್ ಎಂಬ ಕಡಲೂರಿನಲ್ಲಿ. ಕವಿತೆ ಓದಿ ಮುಗಿದ ಮೇಲೆ ಇಷ್ಟು ಹೇಳಿದರೆ ಸಾಕು. ಕಾರವಾರದ ಮಗುವಿಗೂ ಮಡಿಕೇರಿಯ ಮಗುವಿಗೂ 'ಸದಾ ನಿಮ್ಮ ಕಿವಿಯಲ್ಲಿರುವ ಸದ್ದು ಯಾವುದು?' ಅಂತ ಕೇಳಬಹುದು. ಉತ್ತರಗಳು ಬೇರೆಬೇರೆ ಬರುತ್ತವೆ.

ಏಳನೇ ತರಗತಿ ದಾಟಿದವರಿಗೆ ಬಿಂಗ್ ಶಿನ್ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಬಹುದು. ಆ ವಯಸ್ಸಿನವರಿಗೆ ಮುಂದಿನವು.

ಏಳರಿಂದ ಹತ್ತು: ಬಿಯಾನ್ ಜಿಲಿನ್ ಅಥವಾ ಗು ಚೆಂಗ್?

ಹೆಚ್ಚಿನ ಶಿಕ್ಷಕರು ತಡವರಿಸುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗು ಚೆಂಗ್ 1979ರಲ್ಲಿ ಬರೆದ 'ಒಂದು ತಲೆಮಾರು' ಎರಡೇ ಸಾಲಿನ ಕವಿತೆ. ಮೂಲದಲ್ಲಿ ಹದಿನೆಂಟು ಅಕ್ಷರ. ಕತ್ತಲ ರಾತ್ರಿ ನನಗೆ ಕಪ್ಪು ಕಣ್ಣು ಕೊಟ್ಟಿತು, ನಾನೋ ಅದರಿಂದ ಬೆಳಕನ್ನು ಹುಡುಕುತ್ತಿದ್ದೇನೆ ಎಂಬುದು ಅದರ ಮಾತು. ಚೀನಾದಲ್ಲಿ ಇದು ಗೊತ್ತಿಲ್ಲದ ಓದುಗರು ಕಡಿಮೆ. ಕೇಳಿದ ಕೂಡಲೇ ಮನಸ್ಸಿಗೆ ಹತ್ತುತ್ತದೆ, ಮರೆಯುವುದಿಲ್ಲ. ಕಿರುಕವಿತೆ ಬೇಕು ಅಂದವರೆಲ್ಲ ಮೊದಲು ಕೈ ಹಾಕುವುದು ಇದಕ್ಕೇ.

ತೊಂದರೆ ಏನೆಂದರೆ, ಹಿನ್ನೆಲೆ ಇಲ್ಲದೆ ಓದಿದರೆ ಮಕ್ಕಳು ಇದನ್ನು ಗೋಡೆಗೆ ಅಂಟಿಸುವ ಬುದ್ಧಿಮಾತಾಗಿ ಮಾಡಿಬಿಡುತ್ತಾರೆ. 'ಕಷ್ಟ ಬಂದರೂ ಧೈರ್ಯ ಬಿಡಬೇಡ' ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಕವಿತೆ ಹೇಳುವುದು ಅಷ್ಟನ್ನೇ ಅಲ್ಲ. ಹುಡುಕುವ ಕಣ್ಣನ್ನು ಕೊಟ್ಟದ್ದೇ ಆ ಕತ್ತಲೆ. ಹಾಗಾದರೆ ಆ ಕಣ್ಣಿಗೆ ಬೆಳಕು ಕಂಡೀತೇ? ಕಂಡರೂ ಗುರುತು ಸಿಕ್ಕೀತೇ? ಈ ಪ್ರಶ್ನೆ ತೂಕ ಪಡೆಯುವುದು ಶೀರ್ಷಿಕೆಯಿಂದ. ಕವಿತೆಯಲ್ಲಿ 'ನಾನು' ಇದೆ, ಶೀರ್ಷಿಕೆಯಲ್ಲಿ ಇಡೀ ತಲೆಮಾರು ಇದೆ. ಯಾವ ತಲೆಮಾರು? 1966ರಿಂದ 1976ರವರೆಗೆ ನಡೆದ, ಮಾವೋ ಶುರುಮಾಡಿದ ಸಾಂಸ್ಕೃತಿಕ ಕ್ರಾಂತಿ ಎಂಬ ರಾಜಕೀಯ ಕೋಲಾಹಲದಲ್ಲಿ ಬೆಳೆದವರು. ಶಾಲೆಗಳು ಮುಚ್ಚಿದ್ದವು, ಪಟ್ಟಣದ ಹುಡುಗ ಹುಡುಗಿಯರನ್ನು ಹಳ್ಳಿಗಳಿಗೆ ಕಳಿಸಿದರು. ಗು ಚೆಂಗ್ ಅವರ ಕುಟುಂಬವನ್ನೂ 1969ರಲ್ಲಿ ಬೀಜಿಂಗ್‌ನಿಂದ ಶಾನ್‌ದೋಂಗ್ ಪ್ರಾಂತದ ಹಳ್ಳಿಗೆ ಕಳಿಸಲಾಯಿತು. ಅಲ್ಲಿ ಹಂದಿ ಸಾಕುತ್ತಿದ್ದರು. ಇಷ್ಟೆಲ್ಲ ಹೇಳಬೇಕು, ಹೇಳದೆ ಬಿಟ್ಟರೆ ಕವಿತೆಗೆ ಅನ್ಯಾಯ. ಹಾಗಾಗಿ ಇದು ಹತ್ತನೇ ತರಗತಿಗೆ, ಅದೂ ಎರಡನೇ ಪೀರಿಯಡ್‌ಗೆ.

ಬಿಯಾನ್ ಜಿಲಿನ್ 1935ರಲ್ಲಿ ಬರೆದ 'ತುಣುಕು' ಇದಕ್ಕೆ ಪೂರಾ ಬೇರೆ. ದೊಡ್ಡದೊಂದು ಕವಿತೆ ಬರೆಯಲು ಹೊರಟು, ಅದರಲ್ಲಿ ಈ ನಾಲ್ಕು ಸಾಲು ಮಾತ್ರ ಮನಸ್ಸಿಗೆ ಬಂದು, ಉಳಿದದ್ದನ್ನು ಬಿಟ್ಟರು. ಅದಕ್ಕೇ ಆ ಹೆಸರು. ನೀನು ಸೇತುವೆಯ ಮೇಲೆ ನಿಂತು ಸುತ್ತಲಿನ ನೋಟ ನೋಡುತ್ತಿದ್ದೀಯ, ಮಹಡಿಯ ಮೇಲಿಂದ ನೋಟ ನೋಡುವವರು ನಿನ್ನನ್ನು ನೋಡುತ್ತಿದ್ದಾರೆ. ಚಂದ್ರ ನಿನ್ನ ಕಿಟಕಿಗೆ ಅಲಂಕಾರ, ನೀನು ಇನ್ಯಾರದೋ ಕನಸಿಗೆ ಅಲಂಕಾರ. ಅರ್ಥ ಇಷ್ಟು.

ಇದಕ್ಕೆ ಯಾವ ಹಿನ್ನೆಲೆಯೂ ಬೇಕಿಲ್ಲ. ಒಬ್ಬ ಹುಡುಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಹೊರಗೆ ನೋಡಲು ಹೇಳಿ. ಇನ್ನೊಬ್ಬನನ್ನು ಹಿಂದಿನ ಬೆಂಚಿನ ಮೇಲೆ ಹತ್ತಿಸಿ. ಯಾರು ಯಾರನ್ನು ನೋಡುತ್ತಿದ್ದಾರೆ? ಕಿಟಕಿಯ ಹತ್ತಿರ ಇರುವವಳಿಗೆ ಅದು ಗೊತ್ತೇ? ಗೊತ್ತಾದರೆ ಅವಳು ನೋಡುವ ರೀತಿ ಬದಲಾಗುತ್ತದೆಯೇ? ಮೈಸೂರು ಅರಮನೆಯ ಮುಂದೆ ನಾವು ಫೋಟೋ ತೆಗೆಸಿಕೊಳ್ಳುವಾಗ, ಗೊತ್ತೇ ಇಲ್ಲದ ಎಷ್ಟೋ ಜನರ ಫೋಟೋದ ಹಿನ್ನೆಲೆಯಲ್ಲಿ ನಾವೂ ನಿಂತಿರುತ್ತೇವಲ್ಲ, ಹಾಗೆ. ಈ ಮಾತನ್ನು ನೀವು ಹೇಳಬೇಡಿ. ಸ್ವಲ್ಪ ಕಾದರೆ ಮಕ್ಕಳೇ ಇಂಥದ್ದೊಂದು ಹೇಳುತ್ತಾರೆ.

ಆಮೇಲೆ ಕಷ್ಟದ ಪ್ರಶ್ನೆಗಳು. ಮೊದಲ ಎರಡು ಸಾಲು ಹಗಲಿನವು, ಕೊನೆಯ ಎರಡು ರಾತ್ರಿಯವು. ಮಹಡಿಯಲ್ಲಿ ಇದ್ದವರೂ ಕನಸು ಕಾಣುವವರೂ ಒಬ್ಬರೇನಾ? ಕವಿತೆ ಹೇಳುವುದಿಲ್ಲ. ಹೌದು ಅನ್ನುವವರಿಗೆ ಇದು ಪ್ರೀತಿಯ ಕವಿತೆ. ಅಲ್ಲ ಅನ್ನುವವರಿಗೆ ಬೇರೆ ಏನೋ. ತರಗತಿ ಎರಡು ಗುಂಪಾಗುತ್ತದೆ. ಹಾಗಾದರೆ ಬಹಳ ಸಂತೋಷ.

ಕೊನೆಯ ಐದು ನಿಮಿಷಕ್ಕೆ ಒಂದು ಒಳ್ಳೆಯ ಸಂಗತಿ ಇದೆ. ಕವಿತೆ ಬಂದ ಕಾಲದಲ್ಲೇ ಲಿ ಜಿಯಾನ್‌ವು ಎಂಬ ವಿಮರ್ಶಕರು ಇದರಲ್ಲಿ 'ಅಲಂಕಾರ' ಎಂಬ ಮಾತೇ ಮುಖ್ಯ, ಮನುಷ್ಯರು ಒಬ್ಬರಿಗೊಬ್ಬರು ಬರೀ ಅಲಂಕಾರ ಅನ್ನುವ ನೋವು ಇದರಲ್ಲಿದೆ ಅಂತ ಬರೆದರು. ಕವಿ ಒಪ್ಪಲಿಲ್ಲ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತದೆ, ತಾನು ಹೇಳಲು ಹೊರಟದ್ದು ಆ ಸಂಬಂಧವನ್ನು ಅಂದರು. ಈಗ ಮಕ್ಕಳನ್ನು ಕೇಳಿ: ಕವಿಯೇ ಹೇಳಿದರು ಅಂದ ಮೇಲೆ ವಿಮರ್ಶಕರು ತಪ್ಪೇ? ಎಂಟನೇ ತರಗತಿಯ ಮಕ್ಕಳು ಈ ಪ್ರಶ್ನೆಗೆ ಕೊಡುವ ಉತ್ತರ ಕೇಳಲು ಯಾವ ಶಿಕ್ಷಕರಾದರೂ ಕಾಯಬೇಕು. ಆದರೆ ಈ ಜಗಳವನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ತಮ್ಮ ಮಾತು ಬಿಟ್ಟು ಇವರಿಬ್ಬರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತಾರೆ. ಕೊನೆಗೇ ಇಡಿ.

ಹಾಗಾಗಿ ನನ್ನ ಉತ್ತರ ಸ್ಪಷ್ಟ: ಒಂದೇ ಪೀರಿಯಡ್ ಇದ್ದರೆ ಬಿಯಾನ್ ಜಿಲಿನ್.

ಗು ಚೆಂಗ್ ಅವರೇ ಬೇಕು ಅನ್ನುವವರಿಗೆ ಅವರ ಇನ್ನೊಂದು ಕವಿತೆ ಇದೆ: 1980ರ 'ದೂರ ಮತ್ತು ಹತ್ತಿರ'. ಆರು ಸಾಲು, ಇಪ್ಪತ್ತನಾಲ್ಕು ಅಕ್ಷರ. ನೀನು ಒಂದು ಕ್ಷಣ ನನ್ನನ್ನು ನೋಡುತ್ತೀಯ, ಒಂದು ಕ್ಷಣ ಮೋಡವನ್ನು. ನನ್ನನ್ನು ನೋಡುವಾಗ ನೀನು ಬಹಳ ದೂರ, ಮೋಡವನ್ನು ನೋಡುವಾಗ ಬಹಳ ಹತ್ತಿರ ಅನ್ನಿಸುತ್ತದೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಈ ಭಾವ ಚೆನ್ನಾಗಿ ಗೊತ್ತು. ಪಕ್ಕದಲ್ಲೇ ಕೂತ ಗೆಳತಿ ಯಾಕೋ ದೂರ ಅನ್ನಿಸಿದ ದಿನ ಅವರಿಗೆಲ್ಲ ಇರುತ್ತದೆ. 'ತುಣುಕು' ಕವಿತೆಯ ಜೊತೆ ಇದನ್ನು ಓದಿಸಿದರೆ ನೋಡುವುದರ ಬಗ್ಗೆಯೇ ಎರಡು ಕವಿತೆ ಆಗುತ್ತದೆ. ಒಂದರಲ್ಲಿ ನೋಡಿಸಿಕೊಳ್ಳುವವರಿಗೆ ಗೊತ್ತೇ ಇಲ್ಲ, ಇನ್ನೊಂದರಲ್ಲಿ ಗೊತ್ತಿರುವುದೇ ನೋವು. ಎರಡು ಪೀರಿಯಡ್‌ಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ.

ಗು ಚೆಂಗ್ ಅವರನ್ನು ಕಲಿಸುವ ಮೊದಲು ಶಿಕ್ಷಕರಿಗೆ ಒಂದು ವಿಷಯ ಗೊತ್ತಿರಲೇಬೇಕು. 1993ರಲ್ಲಿ ನ್ಯೂಜಿಲೆಂಡ್‌ನಲ್ಲಿ ಅವರು ತಮ್ಮ ಹೆಂಡತಿ ಶಿಯೆ ಯೆ ಅವರನ್ನು ಕೊಂದು ತಾವೂ ಪ್ರಾಣ ಕಳೆದುಕೊಂಡರು. ಮಕ್ಕಳು ಮನೆಗೆ ಹೋಗಿ ಹೆಸರು ಹುಡುಕಿದರೆ ಮೊದಲು ಸಿಗುವುದೇ ಇದು. ಮರುದಿನ ಪ್ರಶ್ನೆ ಬರುತ್ತದೆ. ಆಗ ಮುಚ್ಚಿಡಬೇಡಿ, 'ದೊಡ್ಡ ಕವಿಗಳ ಸ್ವಭಾವವೇ ಹಾಗೆ' ಅಂತ ಮಾತ್ರ ಯಾವತ್ತೂ ಹೇಳಬೇಡಿ. ಅದೊಂದು ಕೊಲೆ. ಶಿಯೆ ಯೆ ಕೂಡ ಬರೆಯುತ್ತಿದ್ದವರು. ಇದನ್ನು ನೇರವಾಗಿ ಹೇಳುವ ಧೈರ್ಯ, ಆ ತರಗತಿಗೆ ಅದನ್ನು ಕೇಳುವ ವಯಸ್ಸು, ಎರಡೂ ಇದ್ದರೆ ಮಾತ್ರ ಗು ಚೆಂಗ್ ಅವರನ್ನು ತರಗತಿಗೆ ತನ್ನಿ. ಇಲ್ಲದಿದ್ದರೆ ಬಿಯಾನ್ ಜಿಲಿನ್ ಒಬ್ಬರೇ ಸಾಕು.

ಊರು, ನೆಲ, ನೆನಪು: ಯು ಗುವಾಂಗ್‌ಜೊಂಗ್ ಅಥವಾ ಐ ಚಿಂಗ್?

ಇತ್ತೀಚಿನ ವರ್ಷಗಳ ಚೀನೀ ಪಠ್ಯದಲ್ಲಿ ಇವರಿಬ್ಬರ ಕವಿತೆಗಳೂ ಒಂಬತ್ತನೇ ತರಗತಿಯ ಒಂದೇ ಘಟಕದಲ್ಲಿವೆ. ಐ ಚಿಂಗ್ ಅವರ 'ನಾನು ಈ ನೆಲವನ್ನು ಪ್ರೀತಿಸುತ್ತೇನೆ' 1938ರದ್ದು. ಜಪಾನ್ ಸೈನ್ಯ ಚೀನಾದ ದೊಡ್ಡ ಭಾಗವನ್ನು ಹಿಡಿದಿದ್ದ ಕಾಲ. ಗಂಟಲು ಒಡೆದ ಹಕ್ಕಿಯಾಗಿಯೂ ಹಾಡುತ್ತೇನೆ ಅನ್ನುವ ಹತ್ತು ಸಾಲು. ಗಟ್ಟಿಯಾಗಿ ಓದಲು ಬಹಳ ಚೆನ್ನ. ವಾಚನ ಸ್ಪರ್ಧೆಗೆ ಕವಿತೆ ಬೇಕಿದ್ದರೆ ಇದನ್ನೇ ಆರಿಸಿ. ಚರ್ಚೆಗೆ ಮಾತ್ರ ಇದರಲ್ಲಿ ಜಾಗ ಕಡಿಮೆ. ಪ್ರಶ್ನೆಯನ್ನೂ ಕವಿಯೇ ಕೇಳಿ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ.

ಯು ಗುವಾಂಗ್‌ಜೊಂಗ್ ನಾನ್‌ಜಿಂಗ್‌ನಲ್ಲಿ ಹುಟ್ಟಿ 1950ರಲ್ಲಿ ತೈವಾನ್ ಸೇರಿದವರು. 'ಊರ ನೆನಪಿನ ನೋವು' ಎಂಬ ಅರ್ಥದ ಕವಿತೆಯನ್ನು 1972ರಲ್ಲಿ ಬರೆದರು. ನಾಲ್ಕು ಸಾಲಿನ ನಾಲ್ಕು ಚರಣ. ಚಿಕ್ಕವನಿದ್ದಾಗ ಆ ನೋವು ಒಂದು ಪುಟ್ಟ ಅಂಚೆಚೀಟಿ, ಅಮ್ಮ ಆ ಕಡೆ. ದೊಡ್ಡವನಾದಾಗ ಹಡಗಿನ ಕಿರಿದಾದ ಟಿಕೆಟ್, ಹೆಂಡತಿ ಆ ಕಡೆ. ಆಮೇಲೆ ಒಂದು ತಗ್ಗಿನ ಗೋರಿ, ಅಮ್ಮ ಒಳಗೆ. ಈಗ ಆಳವಿಲ್ಲದ ಒಂದು ಜಲಸಂಧಿ, ಆ ಕಡೆ ಇಡೀ ಚೀನಾ ನೆಲ.

ವಸ್ತುಗಳ ಮುಂದಿನ ಮಾತುಗಳನ್ನು ಮಕ್ಕಳಿಂದ ಹುಡುಕಿಸಿ: ಪುಟ್ಟ, ಕಿರಿದು, ತಗ್ಗು, ಆಳವಿಲ್ಲದ್ದು. ಎಲ್ಲವೂ ಸಣ್ಣದನ್ನೇ ಹೇಳುತ್ತವೆ. ಆದರೆ ದಾಟಲಾಗದ ದೂರ ಪ್ರತಿ ಚರಣಕ್ಕೂ ಬೆಳೆಯುತ್ತದೆ. ಅಂಚೆಚೀಟಿ, ಟಿಕೆಟ್ ಇದ್ದರೆ ತಲುಪಬಹುದಿತ್ತು. ಗೋರಿಯ ಒಳಗಿರುವವರನ್ನು ತಲುಪಲು ಆಗುವುದಿಲ್ಲ. ಜಲಸಂಧಿ ನೀರಿನ ಲೆಕ್ಕದಲ್ಲಿ ದೊಡ್ಡದೇನಲ್ಲ, ಆದರೆ ದಾಟುವಂತಿಲ್ಲ. ಇಲ್ಲಿ ಭೂಪಟ ತೆರೆಯಿರಿ. ಚೀನಾಕ್ಕೂ ತೈವಾನ್‌ಗೂ ನಡುವಿನ ಆ ಜಲಸಂಧಿಯ ಅತಿ ಕಿರಿದಾದ ಜಾಗ ಸುಮಾರು 130 ಕಿಲೋಮೀಟರ್. 1949ರಲ್ಲಿ ಅಂತರ್ಯುದ್ಧದ ಕೊನೆಗೆ ಎರಡು ಕಡೆ ಬೇರೆಯಾದ ಮೇಲೆ, ಚೀನಾದಲ್ಲಿರುವ ನೆಂಟರನ್ನು ನೋಡಲು ತೈವಾನ್ ತನ್ನ ಜನರನ್ನು ಬಿಟ್ಟದ್ದು 1987ರಲ್ಲಿ. ಇತಿಹಾಸ ಬೇಕಾಗುವುದು ನಾಲ್ಕನೇ ಚರಣಕ್ಕೆ ಮಾತ್ರ. ಅಷ್ಟು ಹೊತ್ತಿಗೆ ಮಕ್ಕಳು ಕವಿತೆಯ ಒಳಗೆ ಬಂದಿರುತ್ತಾರೆ, ತಾವೇ ಕೇಳುತ್ತಾರೆ. ಈ ಒಂದು ಕಾರಣಕ್ಕೇ ಐ ಚಿಂಗ್‌ಗಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ.

ಬರೆಸಲು ಕೂಡ ಇದೇ ಒಳ್ಳೆಯದು. ಒಂದು ಭಾವ, ನಾಲ್ಕು ವಯಸ್ಸು, ನಾಲ್ಕು ವಸ್ತು. ಮಕ್ಕಳಿಗೆ ಎರಡು ವಯಸ್ಸು ಸಾಕು. ಅಪ್ಪ ದುಬೈನಲ್ಲಿ ದುಡಿಯುವ ಮಂಗಳೂರಿನ ಮಗು, ಅಜ್ಜಿಯನ್ನು ವರ್ಷಕ್ಕೊಮ್ಮೆ ನೋಡುವ ಸಿಂಗಾಪುರದ ಕನ್ನಡದ ಮಗು ಏನು ವಸ್ತು ಆರಿಸುತ್ತಾರೆ ನೋಡಿ.

ಸದ್ಯಕ್ಕೆ ಬೇಡವಾದವು

ಹಾಯ್ ಜಿ 1989ರ ಜನವರಿಯಲ್ಲಿ ಬರೆದ ಸಮುದ್ರಕ್ಕೆ ಮುಖ ಮಾಡಿದ ಮನೆಯ ಕವಿತೆ ಮೇಲ್ನೋಟಕ್ಕೆ ಬಲು ಹಿತ. ನಾಳೆಯಿಂದ ಸುಖಿಯಾಗಿರುತ್ತೇನೆ, ಕುದುರೆಗೆ ಮೇವು ಹಾಕುತ್ತೇನೆ, ಸೌದೆ ಒಡೆಯುತ್ತೇನೆ ಅನ್ನುತ್ತದೆ. ಚೀನಾದಲ್ಲಿ ಮನೆ ಮಾರುವ ಜಾಹೀರಾತುಗಳಲ್ಲೂ ಅದರ ಸಾಲು ಬಳಸಿದ್ದಾರೆ. ಆದರೆ ಅದೇ ಮಾರ್ಚ್‌ನಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಕವಿ ತಾವಾಗಿಯೇ ಪ್ರಾಣ ಬಿಟ್ಟರು. ಅದು ಗೊತ್ತಾದ ಮೇಲೆ 'ನಾಳೆಯಿಂದ' ಎಂಬ ಮಾತು ಬೇರೆಯೇ ಕೇಳಿಸುತ್ತದೆ. ಪ್ರೌಢಶಾಲೆಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಪಿಯುಸಿಯಲ್ಲಿ, ಮಕ್ಕಳನ್ನು ಚೆನ್ನಾಗಿ ಬಲ್ಲ ಶಿಕ್ಷಕರು ಕಲಿಸಬಹುದು.

ಶು ಜಿಮೊ ಎಂಬ ಕವಿ 1924ರಲ್ಲಿ ಠಾಗೋರರ ಜೊತೆ ಜಪಾನ್‌ಗೆ ಹೋದಾಗ ಹುಟ್ಟಿದ ವಿದಾಯದ ಐದು ಸಾಲುಗಳು ಸೊಗಸಾಗಿವೆ, ಆದರೆ ಅವೂ ಕಾಲೇಜಿಗೇ ಇರಲಿ. ತಲೆ ಬಾಗಿಸುವ ಹೆಣ್ಣಿನ ನಾಚಿಕೆಯೇ ಅಲ್ಲಿ ಎಲ್ಲ.

ಬೇಯ್ ದಾವ್ ಅವರ ಒಂದೇ ಪದದ ಕವಿತೆ ಎಲ್ಲರಿಗೂ ಕುತೂಹಲ. ಶೀರ್ಷಿಕೆ 'ಬದುಕು', ಕವಿತೆ 'ಬಲೆ'. ಇದು 1970ರ ದಶಕದ್ದು, ಹದಿನಾಲ್ಕು ತುಣುಕುಗಳ ಸರಣಿಯಲ್ಲಿ ಕೊನೆಯದು. ಇದೊಂದನ್ನೇ ಕಿತ್ತು ಕಲಿಸಿದರೆ ಬರೀ ಚಮತ್ಕಾರ ಆಗುತ್ತದೆ. ಪೀರಿಯಡ್ ಬೇಗ ಮುಗಿದರೆ ಶೀರ್ಷಿಕೆ ಮಾತ್ರ ಬರೆದು, ನಿಮ್ಮ ಒಂದು ಪದ ಯಾವುದು ಅಂತ ಕೇಳಿ. ಎಲ್ಲರೂ ಬರೆದ ಮೇಲೆ ಕವಿಯ ಪದ ತೋರಿಸಿ.

ಮೂಲವೋ, ಅನುವಾದವೋ?

ಚೀನೀ ಬಾರದ ಶಿಕ್ಷಕರೂ ಮೂಲವನ್ನು ಬೋರ್ಡಿನ ಮೇಲೆ ಹಾಕಬೇಕು. ಕಿರುಕವಿತೆಯಲ್ಲಿ ಅದು ಸಾಧ್ಯ, ಅದೇ ಅದರ ಲಾಭ. 'ತುಣುಕು' ಕವಿತೆಯಲ್ಲಿ ಮೂವತ್ತನಾಲ್ಕೇ ಅಕ್ಷರ. 'ನೀನು' ಎಂಬ ಅಕ್ಷರವನ್ನು ಒಮ್ಮೆ ತೋರಿಸಿ, ಉಳಿದೆಡೆ ಹುಡುಕಲು ಹೇಳಿ. ಪ್ರತಿ ಸಾಲಿನಲ್ಲೂ ಒಂದೊಂದು ಸಿಗುತ್ತದೆ. ಮೊದಲ ಸಾಲಿನಲ್ಲಿ ಮೊದಲಿಗೆ, ಎರಡನೆಯದರಲ್ಲಿ ಕೊನೆಗೆ. ನೋಡುವವನು ನೋಡಿಸಿಕೊಳ್ಳುವವನಾದದ್ದು ಭಾಷೆ ಬಾರದ ಮಗುವಿಗೂ ಕಣ್ಣಿಗೇ ಕಾಣುತ್ತದೆ.

ಪ್ರತಿ ಪದದ ಕೆಳಗೆ ಕನ್ನಡ ಅರ್ಥ ಬರೆಯಿರಿ, ಸಾಲಿನ ಅನುವಾದ ಕೊಡಬೇಡಿ. ಸಾಲನ್ನು ಮಕ್ಕಳೇ ಕಟ್ಟಲಿ. ಮೂರು ಗುಂಪು ಮೂರು ಥರ ಕಟ್ಟಿದ ಮೇಲೆ ಪಕ್ಕಪಕ್ಕ ಓದಿಸಿ. ಉಚ್ಚಾರಕ್ಕೆ ಚೀನೀ ಬಲ್ಲವರು ಓದಿದ ಧ್ವನಿಮುದ್ರಣ ಕೇಳಿಸಿ. ರೋಮನ್ ಅಕ್ಷರದ ಪಿನ್‌ಯಿನ್ ನೋಡಿ ಓದುವವರಿಗೆ ಒಂದು ಕಿವಿಮಾತು: ಅದರಲ್ಲಿ 'ಬಿ' ಅಕ್ಷರ ಇದ್ದರೆ ಸದ್ದು ನಮ್ಮ 'ಪ'ಗೆ ಹತ್ತಿರ, 'ಪಿ' ಇದ್ದರೆ ಉಸಿರು ಸೇರಿದ ಮಹಾಪ್ರಾಣ 'ಫ'ಗೆ. ಅಲ್ಪಪ್ರಾಣ, ಮಹಾಪ್ರಾಣ ಕಲಿತ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ.

ಮನೆಗೆಲಸಕ್ಕೆ 'ಸಾರಾಂಶ ಬರೆಯಿರಿ' ಬೇಡ. ನಾಲ್ಕು ಸಾಲಿಗೆ ಎಂಥ ಸಾರಾಂಶ! ಬಿಯಾನ್ ಜಿಲಿನ್ ಓದಿಸಿದ್ದರೆ, ಮಹಡಿಯ ಮೇಲಿದ್ದವರು ಅವತ್ತು ರಾತ್ರಿ ಡೈರಿಯಲ್ಲಿ ಏನು ಬರೆದಿರಬಹುದು ಅಂತ ಕೇಳಿ. ಯು ಗುವಾಂಗ್‌ಜೊಂಗ್ ಓದಿಸಿದ್ದರೆ, 1987ರ ಆಮೇಲಿನ ಕಾಲಕ್ಕೆ ನೀವು ಐದನೇ ಚರಣ ಬರೆದರೆ ಅದರಲ್ಲಿ ಯಾವ ವಸ್ತು ಇರುತ್ತದೆ ಅಂತ ಕೇಳಿ. ಅಂಕ ಕೊಡಲೇಬೇಕಿದ್ದರೆ, ಉತ್ತರ ಕವಿತೆಯ ಯಾವ ಪದದ ಮೇಲೆ ನಿಂತಿದೆ ಅಂತ ಮಗು ತೋರಿಸಿದ್ದಕ್ಕೆ ಕೊಡಿ.